ಹುಣಸೆ ವಾರ

ಹೈದರಾಬಾದಿನ ಪುಟ್ಟ ಶಾಲೆಯೊಂದರಲ್ಲಿ ನಾನು ಎಲ್‌ಕೆಜಿ ಟೀಚರಾದ ಮೊದಲ ವರ್ಷ ಕೈಗೆ ಸಿಕ್ಕ ವಾರದ ಪಟ್ಟಿ ಹೀಗಿತ್ತು: ಸೋಮವಾರ ಸೇಬು, ಮಂಗಳವಾರ ಮೂರರ ಅಂಕಿ, ಬುಧವಾರ ತ್ರಿಕೋನ, ಗುರುವಾರ ನೀಲಿ ಬಣ್ಣ, ಶುಕ್ರವಾರ ರೈಮ್ಸ್. ಪಟ್ಟಿ ಅಚ್ಚುಕಟ್ಟಾಗಿತ್ತು, ಪಾಲಕರಿಗೂ ಮೆಚ್ಚುಗೆಯಾಗಿತ್ತು. ಮಂಗಳವಾರ ಬೆಳಿಗ್ಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದವನೇ ಮೇಜಿನ ಕೆಳಗೆ, ಕಪಾಟಿನ ಹಿಂದೆ ಏನನ್ನೋ ಹುಡುಕತೊಡಗಿದ. ಏನಪ್ಪಾ ಅಂದರೆ, “ನಿನ್ನಿ ಆ್ಯಪಲ್ ಎಲ್ಲಿ ಅದ ಟೀಚರ್?” ಅಂದ. ಸೇಬನ್ನು ಹಿಂದಿನ ದಿನವೇ ಹೆಚ್ಚಿ ಹಂಚಿ ಆಗಿತ್ತು. “ಇವತ್ತು ಮೂರು, ಬಾ ಕೂತ್ಕೋ” ಅಂದೆ. ಕೂತ. ಆದರೆ ಆ ಸೇಬಿನ ಬೀಜ ಯಾರು ತಗೊಂಡರು ಅನ್ನುವ ತಕರಾರು ಮಧ್ಯಾಹ್ನ ಮನೆಗೆ ಹೋಗುವವರೆಗೂ ಮುಗಿಯಲಿಲ್ಲ.

ಸೇಬಿನ ಬೀಜದಲ್ಲಿ ಅವನಿಗೆ ಒಂದು ವಾರದ ಪಾಠವಿತ್ತು. ನಾನು ಒಂದೇ ದಿನಕ್ಕೆ ಅಂಗಡಿ ಮುಚ್ಚಿಬಿಟ್ಟಿದ್ದೆ. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕಥೆಯನ್ನು ಹತ್ತು ಸಲ ಕೇಳುತ್ತಾರೆ, ಒಂದೇ ಜಾರುಬಂಡಿಯನ್ನು ಇಪ್ಪತ್ತು ಸಲ ಹತ್ತುತ್ತಾರೆ. ನಮಗೆ ಬೇಸರ ಬರುವ ಹೊತ್ತಿಗೆ ಅವರಿಗೆ ರುಚಿ ಹತ್ತಿರುತ್ತದೆ. ವಾರದ ಯೋಜನೆ ಹಾಕುವಾಗ ನಾನು ಮೊದಲು ನೋಡುವುದು ಇದನ್ನೇ: ಸೋಮವಾರ ಕೈಗೆ ಕೊಟ್ಟದ್ದು ಶುಕ್ರವಾರದವರೆಗೂ ಕೈಯಲ್ಲಿರಬೇಕು. ದಿನಕ್ಕೊಂದು ವಿಷಯ ಬೇಡ, ವಾರಕ್ಕೊಂದು ಸಾಕು.

ಸರಕಾರಿ ಕಡೆಯಿಂದಲೂ ಈಗ ಹೆಚ್ಚುಕಡಿಮೆ ಇದೇ ಮಾತು ಬರುತ್ತಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಅಂಗನವಾಡಿಗಳಿಗಾಗಿ ಹೊರತಂದ ‘ಆಧಾರಶಿಲಾ’ ಪಠ್ಯಕ್ರಮ ವರ್ಷವನ್ನು 48 ವಾರಗಳಾಗಿ ಹಂಚುತ್ತದೆ. ಮೊದಲ 4 ವಾರ ಮನೆ ಬಿಟ್ಟು ಬಂದ ಮಗು ಹೊಂದಿಕೊಳ್ಳುವುದಕ್ಕೆ, ನಡುವಿನ 36 ವಾರ ವಿಷಯ ಹಿಡಿದು ಆಡುವುದಕ್ಕೆ, ಕೊನೆಯ 8 ವಾರ ಕಲಿತದ್ದನ್ನು ಗಟ್ಟಿಮಾಡಿಕೊಳ್ಳುವುದಕ್ಕೆ. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ಯೂ ವಿಷಯ ಹಿಡಿದೇ ಸಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಅದರ ಬೆನ್ನಿಗೆ 2023ರ ಫೆಬ್ರವರಿಯಲ್ಲಿ 13 ಭಾರತೀಯ ಭಾಷೆಗಳಲ್ಲಿ ಬಂದ ‘ಜಾದೂಯಿ ಪಿಟಾರಾ’ ಎಂಬ ಆಟಿಕೆ ಪೆಟ್ಟಿಗೆ, ಎರಡೂ ಆಟವನ್ನೇ ಪಾಠ ಎನ್ನುತ್ತವೆ. ಪೆಟ್ಟಿಗೆ ಚೆನ್ನಾಗಿದೆ. ಸಿಗದಿದ್ದರೆ ನಮ್ಮೂರಿನ ಸಗಟು ಪೇಟೆ ಬೇಗಂ ಬಜಾರಿದೆ.

ವಿಷಯ ಆರಿಸುವುದಕ್ಕೆ ನನ್ನ ಪರೀಕ್ಷೆ ಸರಳ. ಅದು ಕಡಿಮೆ ದುಡ್ಡಿಗೆ ರಾಶಿಯಾಗಿ ಸಿಗಬೇಕು. ಮಗುವಿನ ಕೈಗೆ ಎಟುಕಬೇಕು, ಒಡೆದರೆ ಬೈಯುವಂತಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಯ ಪ್ರತಿಯೊಂದು ಮನೆಯಲ್ಲೂ ಅದಕ್ಕೊಂದು ಹೆಸರಿರಬೇಕು. ಹೈದರಾಬಾದಿನಲ್ಲಿ ಇಪ್ಪತ್ತು ಮಕ್ಕಳಿದ್ದರೆ ಮನೆಮಾತು ನಾಲ್ಕೈದು: ತೆಲುಗು, ದಖನಿ ಉರ್ದು, ಮಾರವಾಡಿ, ಮರಾಠಿ, ಕಲಬುರಗಿ-ರಾಯಚೂರು ಕಡೆಯಿಂದ ಬಂದ ನಮ್ಮಂಥವರ ಕನ್ನಡ. ಸ್ಟ್ರಾಬೆರಿ ಈ ಪರೀಕ್ಷೆಯಲ್ಲಿ ಫೇಲ್. ಹುಣಸೆ ಫಸ್ಟ್ ಕ್ಲಾಸ್.

ಹುಣಸೆ ವಾರಕ್ಕೆ ಫೆಬ್ರವರಿ-ಮಾರ್ಚ್ ಒಳ್ಳೆಯ ಕಾಲ. ಓಡಿನ ಸಮೇತ ಇರುವ ಹಣ್ಣು ಆಗ ಬೇಕಾದಷ್ಟು ಸಿಗುತ್ತದೆ. ಇಪ್ಪತ್ತು ಮಕ್ಕಳಿಗೆ ಎರಡು ಕೆಜಿ ಧಾರಾಳ. ಬಿಡಿಸಿ ಉಂಡೆ ಕಟ್ಟಿದ ಹುಣಸೆ ತಂದರೆ ಅರ್ಧ ಆಟ ಅಂಗಡಿಯವನೇ ಆಡಿದಂತೆ.

ಸೋಮವಾರ ಹಣ್ಣನ್ನು ಬಟ್ಟೆ ಚೀಲದೊಳಗಿಟ್ಟು, ಬಾಯಿ ಕಟ್ಟಿ, ದುಂಡಗೆ ಕೂತ ಮಕ್ಕಳ ಕೈಯಿಂದ ಕೈಗೆ ದಾಟಿಸುತ್ತೇನೆ. ಒತ್ತಬಹುದು, ಅಲ್ಲಾಡಿಸಬಹುದು, ಮೂಸಬಹುದು, ಬಿಚ್ಚುವಂತಿಲ್ಲ. ಒಣಗಿದ ಹಣ್ಣನ್ನು ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಸದ್ದು. ಕಳೆದ ಸಲ ಒಬ್ಬಳು “ಗೆಜ್ಜೆ” ಅಂದಳು, ಇನ್ನೊಬ್ಬ “ಹಾವು” ಅಂದ, ಮೂಸಿ ನೋಡಿದ ಮೂರನೆಯವನು “ಪಾನಿಪುರಿ” ಅಂದ. ಎಲ್ಲವನ್ನೂ ಬೋರ್ಡಿನ ಮೇಲೆ ಚಿತ್ರವಾಗಿ ಬರೆಯುತ್ತೇನೆ. ಯಾವುದೂ ತಪ್ಪಲ್ಲ, ಇನ್ನೂ ಚೀಲ ಬಿಚ್ಚಿಲ್ಲವಲ್ಲ. ಹತ್ತು ನಿಮಿಷ ಇದರಲ್ಲೇ ಹೋಗುತ್ತದೆ, ಹೋಗಲಿ.

ಚೀಲ ಬಿಚ್ಚಿದ ಮೇಲೆ ಹೆಸರುಗಳ ಸರದಿ. ನಾವು ಹುಣಸೆ ಅಂದರೆ, ರಾಯಚೂರಿನ ಅಜ್ಜಿ ಇರುವ ಮನೆಯ ಮಗು ಹುಣಚಿ ಅನ್ನುತ್ತದೆ. ತೆಲುಗಿನವರಿಗೆ ಚಿಂತ, ದಖನಿಯವರಿಗೆ ಇಮ್ಲಿ, ಮರಾಠಿಯವರಿಗೆ ಚಿಂಚ. ಒಂದೊಂದು ಹೆಸರಿಗೂ ಎಲ್ಲರೂ ಸೇರಿ ಚಪ್ಪಾಳೆ: ಹು-ಣ-ಸೆ ಮೂರು, ಚಿಂ-ತ ಎರಡು, ಇಮ್-ಲಿ ಎರಡು. ಪದವನ್ನು ಉಲಿಗಳಾಗಿ ಒಡೆಯುವ ಈ ಕಿವಿಯೇ ಮುಂದೆ ಓದು ಕಲಿಯುವಾಗ ದುಡಿಯುವ ಕಿವಿ. ಅಕ್ಷರ ಇನ್ನೂ ಹತ್ತಿರ ಸುಳಿದಿಲ್ಲ, ಓದಿನ ಕೆಲಸ ಆಗಲೇ ಶುರುವಾಗಿದೆ. ಮನೆಯಲ್ಲಿ ಬಾಯಿಬಡುಕನಾಗಿದ್ದು ಶಾಲೆಯಲ್ಲಿ ತುಟಿ ಬಿಚ್ಚದ ಮಗು ತರಗತಿಗೊಂದು ಇದ್ದೇ ಇರುತ್ತದೆ. ಅದರ ಮನೆಯ ಮಾತನ್ನು ಇಪ್ಪತ್ತು ಜನ ಚಪ್ಪಾಳೆ ಹೊಡೆದು ಹೇಳಿದ ದಿನ ಆ ಮುಖವನ್ನು ನೋಡಬೇಕು.

ಆಮೇಲೆ ರುಚಿ. ಬೀಜ ತೆಗೆದ ಒಂದು ಚಿಟಿಕೆ ಹಣ್ಣು ಒಬ್ಬೊಬ್ಬರ ನಾಲಿಗೆಗೆ. ಎದುರಿಗೆ ಒಂದು ಕೈಗನ್ನಡಿ ಇಡಿ. ಹುಳಿ ತಾಗಿದಾಗ ತಮ್ಮ ಮುಖ ಏನಾಗುತ್ತದೆ ಅಂತ ನೋಡಿಕೊಳ್ಳುವುದೇ ದೊಡ್ಡ ಮಜಾ. ಅದೇ ಮುಖವನ್ನು ಕ್ರೇಯಾನ್ಸಿನಲ್ಲಿ ಬರೆಯಲು ಹೇಳಿದರೆ, ಕಣ್ಣು ಎಂದರೆ ಎರಡು ಚುಕ್ಕೆ ಎಂದುಕೊಂಡಿದ್ದ ಮಕ್ಕಳು ಮೊದಲ ಸಲ ಮುಚ್ಚಿದ ಕಣ್ಣು ಬರೆಯುತ್ತಾರೆ. ಯಾವ ಮಗುವಿಗೆ ಏನು ಆಗಿಬರುವುದಿಲ್ಲ ಎಂದು ಹಿಂದಿನ ವಾರವೇ ಮನೆಯವರನ್ನು ಕೇಳಿಟ್ಟುಕೊಳ್ಳಿ.

ಇಲ್ಲಿ ನನ್ನ ಒಂದು ಎಡವಟ್ಟು ಹೇಳಲೇಬೇಕು. ಮೊದಲ ಸಲ ಹುಣಸೆ ವಾರ ಮಾಡಿದಾಗ ಬೀಜವನ್ನು ಬುಟ್ಟಿಯಲ್ಲಿ ಸುರಿದು ಮಕ್ಕಳ ನಡುವೆ ಇಟ್ಟುಬಿಟ್ಟಿದ್ದೆ. ಒಬ್ಬಳು ಒಂದು ಬೀಜವನ್ನು ಮೂಗಿಗೆ ಏರಿಸಿಕೊಂಡಳು. ತೆಗೆಯಲು ಹೋದ ಆಯಾಳ ಕೈಯಿಂದ ಇನ್ನೂ ಒಳಗೆ ಹೋಯಿತು, ಡಾಕ್ಟರ ಹತ್ತಿರ ಓಡಿದೆವು, ಮಗುವಿನ ತಾಯಿ ಎರಡು ದಿನ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಮೂರು ವರ್ಷದೊಳಗಿನವರಿಗೆ ಬಿಡಿ ಬೀಜ ಇಲ್ಲವೇ ಇಲ್ಲ, ಇಡೀ ಹಣ್ಣು ಮಾತ್ರ. ದೊಡ್ಡವರಿಗೂ ಎಣಿಸಿ ಕೊಟ್ಟು ಎಣಿಸಿ ಹಿಂದಕ್ಕೆ ಪಡೆಯುತ್ತೇನೆ: ತಲೆಗೆ ಹತ್ತು ಬೀಜ, ಮೊಟ್ಟೆ ಟ್ರೇಯ ಹತ್ತು ಗುಳಿಗಳಲ್ಲಿ ಗುಳಿಗೊಂದು. ಒಂದು ಗುಳಿ ಖಾಲಿ ಉಳಿದರೆ ಇಡೀ ತರಗತಿ ಹುಡುಕುತ್ತದೆ. ಭಯದಿಂದ ಹುಟ್ಟಿದ ಈ ನಿಯಮ ನನಗೆ ಸಿಕ್ಕ ಅತ್ಯುತ್ತಮ ಲೆಕ್ಕದ ಪಾಠವಾಯಿತು. ಒಂದಕ್ಕೆ ಒಂದು ಹೊಂದಿಸುವುದು, ಎಷ್ಟು ಕಡಿಮೆ ಎಂದು ನೋಡಿದೊಡನೆ ಹೇಳುವುದು, ಎರಡೂ ಅದರಲ್ಲೇ ಬಂದವು.

ಮಂಗಳವಾರ ಬೀಜ ಬಿಡಿಸುವುದು. ಬೇರೇನೂ ಇಲ್ಲ. ಓಡು ಒಡೆದು, ನಾರು ಎಳೆದು, ಹಣ್ಣಿನಿಂದ ಬೀಜ ಹಿಂಡಿ ತೆಗೆಯುವುದಕ್ಕೆ ಹೆಬ್ಬೆರಳು ತೋರುಬೆರಳು ಸೇರಿ ದುಡಿಯಬೇಕು. ಪೆನ್ಸಿಲ್ ಹಿಡಿಯುವುದಕ್ಕೂ ಅದೇ ಎರಡು ಬೆರಳು. “ನಿಮ್ಮ ಶಾಲೆಯಲ್ಲಿ ಬರೆಸುವುದೇ ಇಲ್ಲವಲ್ರೀ” ಎಂದು ಕೇಳುವ ತಂದೆಗೆ ನಾನು ಒಂದು ಹಣ್ಣು ಕೊಟ್ಟು, “ಒಂದು ನಿಮಿಷದಲ್ಲಿ ಬೀಜ ಬಿಡಿಸ್ರಿ ನೋಡೋಣ” ಅನ್ನುತ್ತೇನೆ. ನಾರಿನ ಜೊತೆ ಪೇಚಾಡುವುದರಲ್ಲಿ ಆ ನಿಮಿಷ ಕಳೆಯುತ್ತದೆ.

ಬುಧವಾರ ತೊಳೆದು ಒಣಗಿಸಿದ ಬೀಜಗಳಿಂದ ಆಟ. ಮೊದಲು ಬೇರ್ಪಡಿಸುವುದು: ದೊಡ್ಡದು-ಚಿಕ್ಕದು, ಕಂದು-ಕಪ್ಪು, ಗಟ್ಟಿ-ಹುಳ ತಿಂದದ್ದು. ಹೇಗೆ ಬೇರ್ಪಡಿಸಬೇಕೆಂದು ನಾನು ಹೇಳುವುದಿಲ್ಲ. ರಾಶಿ ಮಾಡಿದ ಮೇಲೆ ಹೇಗೆ ಮಾಡಿದೆ ಎಂದು ಕೇಳುತ್ತೇನೆ. ಒಬ್ಬ “ಇವು ಅಮ್ಮಂದಿರು, ಇವು ಮಕ್ಕಳು” ಅಂದ. ಸರಿಯಾದ ವಿಂಗಡಣೆಯೇ. ನಂತರ ಅಳಗುಳಿ ಮಣೆ. ಇಲ್ಲಿನವರು ವಾಮನ ಗುಂಟಲು ಎನ್ನುವ ಅದೇ ಆಟ. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇ ಇದೆ. ನಾಲ್ಕು ವರ್ಷದವರಿಗೆ ಪೂರ್ತಿ ನಿಯಮ ಬೇಡ, ಗುಳಿಗೊಂದರಂತೆ ಬಿಡುತ್ತಾ ಹೋಗುವುದು ಸಾಕು. ಐದು ದಾಟಿದವರಿಗೆ ಚೌಕಾಬಾರಾ: ಬೀಜವನ್ನು ಎರಡು ಹೋಳು ಮಾಡಿದರೆ ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ, ಅದೇ ದಾಳ. ಬಿಳಿ ಎಷ್ಟು ಬಿತ್ತೋ ಅಷ್ಟು ಮನೆ ನಡೆ. ಸೋತು ಅಳುವವರನ್ನು ಸಮಾಧಾನ ಮಾಡುವ ಆತುರ ಬೇಡ. ಸರದಿ ಕಾಯುವುದು, ಸೋಲುವುದು, ಮತ್ತೆ ಕೂತು ಆಡುವುದು ಈ ವಯಸ್ಸಿನಲ್ಲಿ ಕಲಿಯಬೇಕಾದ ದೊಡ್ಡ ಪಾಠ.

ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ 1940ರ ದಶಕದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಹಿಡಿದದ್ದೂ ಕೈಗೆ ಸಿಕ್ಕ ಸಾಮಾನಿನಲ್ಲೇ ಆಡಿಸಿ ಕಲಿಸುವ ಇದೇ ದಾರಿ. ಮಾಂಟೆಸ್ಸರಿ ವಿಧಾನವನ್ನು ಒಪ್ಪಿದರು, ಅದರ ದುಬಾರಿ ಸಲಕರಣೆಗಳ ಜಾಗಕ್ಕೆ ಊರಲ್ಲಿ ಸಿಗುವ ಸಾಮಾನುಗಳನ್ನು ತಂದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂಬ ಅವರ ಯೋಚನೆಯಿಂದ ಅಂಗನವಾಡಿ ಎಂಬ ಮಾತು ಬಂತು.

ಗುರುವಾರ ನೀರಿನ ದಿನ. ಬೀಜಗಳನ್ನು ಬಕೆಟ್ಟಿಗೆ ಹಾಕಿ: ಮುಳುಗಿದ್ದು ಗಟ್ಟಿ, ತೇಲಿದ್ದು ಪೊಳ್ಳು. ಗಟ್ಟಿ ಬೀಜಗಳನ್ನು ಒಂದು ರಾತ್ರಿ ನೆನೆಹಾಕಿ ಮರುದಿನ ಪೇಪರ್ ಕಪ್ಪಿನ ಮಣ್ಣಿನಲ್ಲಿ ಊರಿಸುತ್ತೇನೆ, ಕಪ್ಪಿನ ಮೇಲೆ ಆಯಾ ಮಗುವಿನ ಗುರುತಿನ ಚಿತ್ರ. ಈ ದಿನದ ನಿಜವಾದ ತಾರೆ ಮಾತ್ರ ತಾಮ್ರದ ತಂಬಿಗೆ. ದೇವರ ಮನೆಯಲ್ಲಿ ಕಪ್ಪಿಟ್ಟು ಕೂತ ಒಂದು ಹಳೆಯ ತಂಬಿಗೆ ತನ್ನಿ. ಹುಣಸೆಹಣ್ಣನ್ನು ಚೂರು ಉಪ್ಪಿನ ಜೊತೆ ನೀರಿನಲ್ಲಿ ಕಿವುಚಿ, ಒಂದು ಮಗುವಿನ ಕೈಯಲ್ಲಿ ಒಂದು ಬೆರಳಗಲ ಜಾಗ ಉಜ್ಜಿಸಿ. ಉಜ್ಜಿದ ಕಡೆ ಕೆಂಪಗೆ ಹೊಳೆಯುವ ಪಟ್ಟಿ ಮೂಡುತ್ತದೆ. ತರಗತಿ ಒಂದು ಕ್ಷಣ ಸದ್ದಿಲ್ಲದಾಗುತ್ತದೆ, ಆಮೇಲೆ ಎಲ್ಲರಿಗೂ ತಂಬಿಗೆ ಬೇಕು. ತಾಮ್ರದ ಮೇಲೆ ಕಟ್ಟಿದ ಕಪ್ಪನ್ನು ಹುಳಿ ಕರಗಿಸುತ್ತದೆ ಎಂಬ ವಿವರಣೆ ಟೀಚರಿಗೆ ಗೊತ್ತಿದ್ದರೆ ಸಾಕು. ಮಕ್ಕಳನ್ನು “ನಿಂಬೆಹಣ್ಣಿನಲ್ಲಿ ಆಗುತ್ತಾ? ಬರೀ ನೀರಿನಲ್ಲಿ ಆಗುತ್ತಾ? ಮೊಸರಿನಲ್ಲಿ?” ಎಂದು ಕೇಳಿ, ಒಂದೊಂದನ್ನೂ ಮಾಡಿ ನೋಡಿಸಿ. ಮೊದಲು ಊಹೆ, ಆಮೇಲೆ ಪರೀಕ್ಷೆ. ಗೆದ್ದ ಊಹೆಗೂ ಸೋತ ಊಹೆಗೂ ಒಂದೇ ಮರ್ಯಾದೆ. ಉಜ್ಜಿದ ಕೈಯನ್ನು ಕಣ್ಣಿಗೆ ಒಯ್ಯದಂತೆ ಮಾತ್ರ ಪಕ್ಕದಲ್ಲೇ ನಿಂತಿರಬೇಕು.

ಕಥೆ ಮಾತ್ರ ಐದೂ ದಿನ ಒಂದೇ, ಊಟದ ನಂತರ, ಚಾಪೆಯ ಮೇಲೆ. ಹುಣಸೆಯ ಕಥೆ ಹುಡುಕಲು ಹೈದರಾಬಾದಿನವರು ದೂರ ಹೋಗಬೇಕಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ನುಂಗುವಂತೆ ಬಂದಾಗ, ಈಗ ಅಫ್ಜಲ್‌ಗಂಜ್‌ನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರವನ್ನು ಹತ್ತಿ ನೂರೈವತ್ತಕ್ಕೂ ಹೆಚ್ಚು ಜನ ಬದುಕಿಕೊಂಡರು. ನಾಲ್ಕು ವರ್ಷದವರಿಗೆ ಸಾವಿನ ಲೆಕ್ಕ ಬೇಡ. ನೀರು ಬಂತು, ಜನ ಮರ ಹತ್ತಿದರು, ಮರ ಗಟ್ಟಿಯಾಗಿ ನಿಂತಿತು, ನೀರು ಇಳಿಯಿತು, ಅಷ್ಟು ಸಾಕು. ಸೋಮವಾರ ನಾನು ಹೇಳುತ್ತೇನೆ. ಮಂಗಳವಾರ ನಡುನಡುವೆ ನಿಲ್ಲಿಸುತ್ತೇನೆ, ಮಕ್ಕಳು ಮುಂದುವರಿಸುತ್ತಾರೆ. ಬುಧವಾರ ಬೇಕೆಂದೇ ತಪ್ಪು ಹೇಳುತ್ತೇನೆ: “ಎಲ್ಲರೂ ಬಾಳೆಗಿಡ ಹತ್ತಿದರು.” ಗದ್ದಲವೋ ಗದ್ದಲ. ಗುರುವಾರ ಅವರೇ ಆಡುತ್ತಾರೆ. ನೀಲಿ ಸೀರೆಯೊಂದು ಮೂಸಿ, ಬೆಂಚು ಮರ, ಒಬ್ಬರಿಗೊಬ್ಬರು ಕೈಕೊಟ್ಟು ಮೇಲೆಳೆದುಕೊಳ್ಳುವುದೇ ನಾಟಕ. ಶುಕ್ರವಾರ ಕಥೆ ಅವರದು, ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ತಾನಾಡಿದ ಮಾತು ಕಾಗದದ ಮೇಲೆ ಕೂರುವುದನ್ನು ಮಗು ನೋಡಬೇಕು, ಬರವಣಿಗೆ ಎಂದರೇನೆಂದು ಅದಕ್ಕೆ ಆಗ ಗೊತ್ತಾಗುತ್ತದೆ.

ಹಾಡಿನ ವಿಷಯದಲ್ಲಿ ಒಂದು ಮಾತು. ಇಂಗ್ಲಿಷ್ ರೈಮ್ಸ್ ಬೇಡವೆಂದಲ್ಲ, ಮೊಬೈಲಿನಿಂದ ಅವು ಹೇಗೂ ಬರುತ್ತವೆ. ಆದರೆ ಕನ್ನಡ ಮಕ್ಕಳಿಗೆ ಹಾವಿನ ಹಾಡು ಕೊಟ್ಟ ಪಂಜೆ ಮಂಗೇಶರಾಯರು 1937ರಲ್ಲಿ ಕೊನೆಯುಸಿರೆಳೆದದ್ದು ಇದೇ ಹೈದರಾಬಾದಿನಲ್ಲಿ. ಈ ಊರಿನಲ್ಲಿ ಕನ್ನಡದ ಮಗುವಿಗೆ ವಾರಕ್ಕೊಂದು ಕನ್ನಡ ಹಾಡು ಕಲಿಸುವುದು ಅಂಥ ಭಾರವೇನಲ್ಲ. ಕಾಚಿಗುಡದ ನೃಪತುಂಗ ಶಾಲೆಯಂಥ ಕನ್ನಡಿಗರ ಸಂಸ್ಥೆ ಹತ್ತಿರವಿರುವವರಿಗೆ ಅನುಕೂಲ. ಮಿಯಾಪುರ, ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಮನೆಯಲ್ಲೇ ಮಾಡಿಕೊಳ್ಳಬೇಕು.

ಅಕ್ಷರಕ್ಕೂ ಹೈದರಾಬಾದಿನ ಕನ್ನಡ ಮನೆಗಳಿಗೆ ಒಂದು ಸುಲಭದ ದಾರಿಯಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ಗ, ರ, ದ, ಬ, ಮ ಮುಂತಾದವು ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಹೆಚ್ಚುಕಡಿಮೆ ಒಂದೇ. ಐದೂವರೆ ದಾಟಿದ ಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ‘ರ’ ಬರೆದು, ಗೆರೆಯ ಮೇಲೆ ಹುಣಸೆ ಬೀಜ ಜೋಡಿಸಲು ಹೇಳಿ. ಜೋಡಿಸಿದ ಮೇಲೆ ತಲೆಯ ಮೇಲಿನ ಬೀಜಗಳನ್ನಷ್ಟೇ ಸರಿಸಿದರೆ ತೆಲುಗಿನ ರ. ಒಂದು ಲಿಪಿಯ ಜೊತೆ ಇನ್ನೊಂದರ ಕಾಲುಭಾಗ ಪುಕ್ಕಟೆ. ಅದಕ್ಕಿಂತ ಚಿಕ್ಕವರಿಗೆ ಈ ಉಸಾಬರಿ ಬೇಡ.

ಶುಕ್ರವಾರ ಮರ ನೋಡುವುದು. ಆಸ್ಪತ್ರೆಗೆ ಮಕ್ಕಳನ್ನು ಕರೆದೊಯ್ಯುವ ಹುಚ್ಚು ಸಾಹಸ ಮಾಡಬೇಡಿ, ಬಡಾವಣೆಯ ಯಾವುದಾದರೂ ಹುಣಸೆ ಮರ ಸಾಕು. ಕಾಂಡವನ್ನು ಎಷ್ಟು ಮಕ್ಕಳು ಕೈಹಿಡಿದು ಸುತ್ತಬಹುದು ಎಂದು ಅಳೆಯಿರಿ. ಎಲೆ ಬಿಡಿಸಿ ಮೂಸಿ, ಚಿಗುರಿದ್ದರೆ ಚೂರು ಬಾಯಿಗೆ ಹಾಕಿಕೊಳ್ಳಲಿ. ತೆಲುಗು ಮನೆಯ ಮಕ್ಕಳಿಗೆ ಅದು ಚಿಂತ ಚಿಗುರು ಪಪ್ಪಿನಿಂದಲೇ ಪರಿಚಯ. ಹುಣಸೆ ಎಲೆ ರಾತ್ರಿ ಮಡಚಿಕೊಳ್ಳುತ್ತದೆ. ಸಂಜೆ ಕತ್ತಲಾದ ಮೇಲೆ ಮನೆಯವರ ಜೊತೆ ಹೋಗಿ ನೋಡುವುದೇ ಆ ವಾರದ ಹೋಮ್‌ವರ್ಕ್. ಇದಕ್ಕೆ ಒಬ್ಬ ಅಜ್ಜಿ, “ಹುಣಚಿ ಗಿಡದಾಗ ದೆವ್ವ ಇರ್ತದ, ರಾತ್ರಿ ಕಳಸಂಗಿಲ್ರೀ” ಎಂದು ಹೇಳಿ ಕಳಿಸಿದರು. ಅಜ್ಜಿಯನ್ನೇ ಶಾಲೆಗೆ ಕರೆದು ದೆವ್ವದ ಕಥೆ ಹೇಳಿಸಿದೆವು. ದೆವ್ವ ಕನ್ನಡದಲ್ಲಿ ಮಾತಾಡುತ್ತಿತ್ತು. ತೆಲುಗಿನ ಮಕ್ಕಳೂ ಉಸಿರು ಬಿಗಿಹಿಡಿದು ಕೇಳಿದರು.

ದಿನದ ಚೌಕಟ್ಟು ಹೇಗಿರಬೇಕೆಂದು ಕೇಳುವವರಿಗೆ: ವಿಷಯ ಬದಲಾದರೂ ಅದು ಬದಲಾಗಬಾರದು. ಬಂದ ಕೂಡಲೇ ಅರ್ಧ ಗಂಟೆ ಇಷ್ಟಬಂದ ಮೂಲೆಯಲ್ಲಿ ಇಷ್ಟಬಂದ ಆಟ, ನಂತರ ದುಂಡಗೆ ಕೂತು ಮಾತು, ಆ ದಿನದ ಕೈಕೆಲಸ, ಹೊರಗೆ ಓಟ, ಊಟ, ಕಥೆ, ಮನೆ. ಬೇಸಿಗೆಯಲ್ಲಿ ಓಟವನ್ನು ಬೆಳಿಗ್ಗೆಗೇ ಎಳೆದುಕೊಳ್ಳಿ. ಗಡಿಯಾರ ಓದಲು ಬಾರದ ಮಗುವಿಗೆ ಈ ಕ್ರಮವೇ ಗಡಿಯಾರ. 2013ರ ರಾಷ್ಟ್ರೀಯ ನೀತಿ ಈ ವಯಸ್ಸಿನ 20 ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಬೇಕು ಎನ್ನುತ್ತದೆ. ತಂಬಿಗೆ ಉಜ್ಜುವ ದಿನ ಇಬ್ಬರಿದ್ದರೂ ಸಾಲದು, ಒಬ್ಬ ತಾಯಿಯನ್ನೋ ತಾತನನ್ನೋ ಕರೆದುಕೊಳ್ಳಿ.

ಪರೀಕ್ಷೆ, ಅಂಕ ಬೇಡ. ಒಂದು ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಮಕ್ಕಳನ್ನು ಮಾತ್ರ ಗಮನಿಸಿ, ಒಬ್ಬೊಬ್ಬರ ಬಗ್ಗೆ ಒಂದೇ ಸಾಲು ಬರೆಯುತ್ತೇನೆ. ವಾರಕ್ಕೆ ಇಪ್ಪತ್ತೂ ಮಕ್ಕಳು ಮುಗಿಯುತ್ತಾರೆ. “ಹತ್ತರವರೆಗೆ ಬಾಯಿಪಾಠ ಹೇಳುತ್ತಾಳೆ, ಆರು ಬೀಜ ಕೊಡು ಅಂದರೆ ಮುಷ್ಟಿ ತುಂಬ ಕೊಡುತ್ತಾಳೆ.” ಮುಂದಿನ ವಾರ ಅವಳಿಗೆ ಏನು ಆಡಿಸಬೇಕೆಂದು ಆ ಒಂದು ಸಾಲೇ ಹೇಳುತ್ತದೆ.

ಹೀಗೆ ವರ್ಷವಿಡೀ ವಿಷಯಕ್ಕೆ ಬರಗಾಲವಿಲ್ಲ. ಆಷಾಢದ ಬೋನಾಲಿಗೆ ಮಡಕೆ ವಾರ, ದಸರೆಯ ಬತುಕಮ್ಮಕ್ಕೆ ಹೂವಿನ ವಾರ, ರಂಜಾನಿಗೆ ಚಂದ್ರನ ವಾರ, ಜನವರಿಯಲ್ಲಿ ನಾಂಪಳ್ಳಿಯ ನುಮಾಯಿಶ್ ವಸ್ತುಪ್ರದರ್ಶನ ಬಂದಾಗ ಅಂಗಡಿ ವಾರ. ಊರ ತುಂಬ ಹಾಸಿಕೊಂಡಿರುವ ಬಂಡೆಗಳಿಗೆ ಒಂದು ಕಲ್ಲಿನ ವಾರ. ಹೂವಿನ ವಾರ ನನಗೆ ಒಮ್ಮೆಯೂ ಸರಿಯಾಗಿ ಕೂತಿಲ್ಲ, ಮಂಗಳವಾರಕ್ಕೇ ಹೂ ಬಾಡಿರುತ್ತದೆ.

ಹುಣಸೆಯ ಕಪ್ಪುಗಳು ಮೊಳೆಯಲು ವಾರ-ಹತ್ತು ದಿನ ಹಿಡಿಯುತ್ತವೆ, ಆದ್ದರಿಂದ ವಿಷಯ ಬದಲಾದ ಮೇಲೂ ಅವು ಕಿಟಕಿಯಲ್ಲೇ ಇರುತ್ತವೆ. ಕಳೆದ ವರ್ಷ ಹುಣಸೆಯ ನಂತರದ್ದು ಬಸ್ಸಿನ ವಾರ. ಸೋಮವಾರ ದುಂಡಗೆ ಕೂತು, ರಾಯಚೂರಿನ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೇಳಿದೆ. “ಇಮ್ಲಿಬನ್!” ಎಂದು ಮಹಾತ್ಮ ಗಾಂಧಿ ಬಸ್ ನಿಲ್ದಾಣದ ರೂಢಿಯ ಹೆಸರನ್ನು ಮೂವರು ಕೂಗಿದರು. ಮೂಲೆಯಲ್ಲಿದ್ದ ಹುಡುಗಿ ಮೆಲ್ಲಗೆ ಎರಡೆರಡು ಚಪ್ಪಾಳೆ ಹೊಡೆದು ಇಮ್-ಲಿ ಅಂದಳು, ಮತ್ತೆ ಹೊಡೆದಳು, ಥಟ್ಟನೆ ಎದ್ದು ನಿಂತಳು. “ಟೀಚರ್, ಬಸ್ಸೆಲ್ಲಾ ಹುಣಚಿ ಗಿಡದ ಕೆಳಗ ನಿಂದಿರ್ತಾವೇನು?”

ಎಲ್ಲರೂ ಕಿಟಕಿಯ ಕಪ್ಪುಗಳ ಕಡೆ ಓಡಿದರು.